ಗೇರ್‌ಬಾಕ್ಸ್ ಇಳಿಸುವ ಮುನ್ನ ರಬ್ಬರ್ ಬೂಟ್ ಎತ್ತಿ ನೋಡಿ

ಹಳೇ ಕ್ವಾಲಿಸ್, ಸುಮೊ, ಬೊಲೆರೊ ಇಟ್ಟುಕೊಂಡವರದು ಒಂದೇ ದೂರು: ‘ಕ್ಲಚ್ ಹೋಗಿದೆ, ಪ್ಲೇಟ್ ಹಾಕಿಸಬೇಕಂತೆ.’ ಮೆಕ್ಯಾನಿಕ್ ಹೇಳುತ್ತಾನೆ, ಇವರು ತಲೆಯಾಡಿಸುತ್ತಾರೆ, ಗೇರ್‌ಬಾಕ್ಸ್ ಕೆಳಗಿಳಿಯುತ್ತದೆ. ಹೊಸ ಪ್ಲೇಟ್ ಕೂತ ಮೇಲೂ ರಿವರ್ಸ್ ಹಾಕುವಾಗ ಅದೇ ಕರ್‌ರ್ ಸದ್ದು. ಕೆಟ್ಟಿದ್ದು ಸ್ಲೇವ್ ಸಿಲಿಂಡರಿನ ರಬ್ಬರ್ ವಾಷರ್!

ಹೈಡ್ರಾಲಿಕ್ ಕ್ಲಚ್ ಇರುವ ಇಂಥ ಗಾಡಿಗಳಲ್ಲಿ ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುತ್ತದೆ. ಅತ್ತ ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್ ಕ್ಲಚ್ ಬಿಡಿಸುತ್ತದೆ. ಮಾರುತಿ 800ರದು ಕೇಬಲ್, ಅದರ ಮಾತು ಇಲ್ಲಿಲ್ಲ.

ಮೊದಲು ಕಾಯಿಲೆ ಯಾವುದೆಂದು ನೋಡಿ. ಎಂಜಿನ್ ಓಡುವಾಗ ಬೀಳದ ಗೇರ್, ಆಫ್ ಮಾಡಿದಾಗ ಸಲೀಸಾಗಿ ಬಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಆಗ ಅನುಮಾನ ಮೊದಲು ಆಯಿಲ್ ಲೈನಿನ ಮೇಲಿರಲಿ. ಎಂಜಿನ್ ಕೂಗಿಯೂ ಗಾಡಿ ಎಳೆಯದಿದ್ದರೆ, ಅಂದರೆ ಕ್ಲಚ್ ಸ್ಲಿಪ್ ಆಗುತ್ತಿದ್ದರೆ, ಪ್ಲೇಟ್ ಸವೆದಿರಬಹುದು.

ಬಾನೆಟ್ ಎತ್ತಿ ಕ್ಲಚ್‌ನ ಆಯಿಲ್ ಡಬ್ಬಿ ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಬರೀ ತುಂಬಿಸಿ ಹೊರಡಬೇಡಿ. ಪೆಡಲ್ ಬಳಿಯ ಮ್ಯಾಟ್ ಎತ್ತಿ, ಮಾಸ್ಟರ್ ಸಿಲಿಂಡರಿನ ರಾಡ್ ಸುತ್ತ ಬೆರಳಾಡಿಸಿ. ಗಾಡಿಯಡಿ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟಿನ ಅಂಚು ಎತ್ತಿ. ಒಳಗೆ ಜಿಗುಟು ಕಪ್ಪು ಆಯಿಲ್ ಕಂಡರೆ ವಾಷರ್ ಹೋಗಿದೆ. ಹೊರಗೆಲ್ಲೂ ಸೋರಿಕೆಯಿಲ್ಲ, ಆದರೆ ಸಿಗ್ನಲ್‌ನಲ್ಲಿ ಒತ್ತಿ ಹಿಡಿದ ಪೆಡಲ್ ತಾನಾಗಿ ಕೆಳಗಿಳಿಯುತ್ತದೆಯೇ? ಮಾಸ್ಟರ್ ಒಳಗೊಳಗೇ ಆಯಿಲ್ ಬಿಡುತ್ತಿದೆ. ನಾಲ್ಕೈದು ಸಲ ಪಂಪ್ ಮಾಡಿದರೆ ಸರಿಯಾಗುವ ಮೆತ್ತನೆ ಪೆಡಲಿಗೆ ಸಾಮಾನ್ಯವಾಗಿ ಲೈನಿನಲ್ಲಿ ಸೇರಿದ ಗಾಳಿ ಕಾರಣ.

ಆ ಗಾಳಿ ತೆಗೆಯಲು ಇಬ್ಬರು ಬೇಕು. ಸ್ಲೇವ್‌ನ ಗಾಳಿ ಬಿಡುವ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ. ನೀವು ನಿಪ್ಪಲ್ ಸಡಿಲಿಸಿ, ಗುಳ್ಳೆ ಹೋದೊಡನೆ ಬಿಗಿ ಮಾಡಿ, ಆಮೇಲೆ ಪೆಡಲ್ ಬಿಡಿಸಿ. ಬಿಗಿ ಮಾಡುವ ಮುಂಚೆ ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ. ಗುಳ್ಳೆ ನಿಲ್ಲುವವರೆಗೂ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಿ.

ನನಗೆ ಹೆಚ್ಚು ಸಿಟ್ಟು ಬರಿಸುವುದು ಇನ್ನೊಂದು ಕೆಲಸ. ‘ಕ್ಲಚ್ ತುಂಬಾ ಕೆಳಗೆ ಹಿಡಿಯುತ್ತದೆ’ ಎಂದರೆ ಕೆಲವರು ಪೆಡಲಿನ ರಾಡ್ ತಿರುಗಿಸಿ ಫ್ರೀ ಪ್ಲೇಯನ್ನೇ, ಅಂದರೆ ಪೆಡಲಿನ ಮೊದಲ ಸಡಿಲವನ್ನೇ, ತಿಂದುಹಾಕುತ್ತಾರೆ. ಊರಲ್ಲಿ ಚೆನ್ನಾಗೇ ಅನ್ನಿಸುತ್ತದೆ. ಚಾರ್ಮಾಡಿ ಘಾಟಿ ಹತ್ತುವಾಗ ಸ್ಲಿಪ್ ಶುರು. ಮಾಸ್ಟರ್ ಸಿಲಿಂಡರಿನಿಂದ ಆಯಿಲ್ ಡಬ್ಬಿಗೆ ಮರಳಲು ಒಂದು ಸಣ್ಣ ತೂತಿದೆ. ಪಿಸ್ಟನ್ ಪೂರ್ತಿ ಹಿಂದೆ ಬರದಿದ್ದರೆ ಅದು ಮುಚ್ಚಿಯೇ ಇರುತ್ತದೆ. ಬಿಸಿಯಾಗಿ ಹಿಗ್ಗಿದ ಆಯಿಲಿಗೆ ಹೋಗಲು ದಾರಿಯಿಲ್ಲ, ಕಾಲಿಡದೆಯೇ ಕ್ಲಚ್ ಅರ್ಧ ಒತ್ತಿದಂತಾಗುತ್ತದೆ. ಪಾಪದ ಪ್ಲೇಟಿನ ಮೇಲೆ ಆರೋಪ! ಪರೀಕ್ಷೆ ಸುಲಭ: ಸ್ಲಿಪ್ ಆಗುತ್ತಿರುವಾಗಲೇ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಡಿ. ನಿಪ್ಪಲ್ ಕೊಂಚ ಸಡಿಲಿಸಿದಾಗ ಆಯಿಲ್ ಚಿಮ್ಮಿ, ಬಿಗಿ ಮಾಡಿ ಹೊರಟಾಗ ಗಾಡಿ ಮೊದಲಿನಂತೆ ಎಳೆದರೆ ರಾಡ್ ಬಿಗಿಯಾಗಿದೆಯೆಂದೇ ಅನುಮಾನಿಸಿ. ಪೆಡಲನ್ನು ಬೆರಳಿನಿಂದ ಒತ್ತಿದರೆ ಕೆಲವು ಮಿಲಿಮೀಟರ್ ಸಡಿಲ ಸಿಗಲೇಬೇಕು. ಅಳತೆ ಗಾಡಿಯ ಮ್ಯಾನುಯಲ್‌ನಲ್ಲಿದೆ.

ಉಳಿದದ್ದು ಚುಟುಕಾಗಿ. ಡಬ್ಬಿಯ ಮುಚ್ಚಳದ ಮೇಲೆ ಬರೆದ ಡಾಟ್ 3 ಅಥವಾ ಡಾಟ್ 4 ಮಾತ್ರ ಹಾಕಿ. ಎಂಜಿನ್ ಆಯಿಲ್ ಬಿದ್ದರೆ ರಬ್ಬರೆಲ್ಲ ಊದಿಕೊಳ್ಳುತ್ತದೆ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ. ಇಷ್ಟಾದರೂ ಗೇರ್ ಬೀಳದಿದ್ದರೆ ಗೇರ್‌ಬಾಕ್ಸ್ ಇಳಿಸಲಿ. ಇಳಿಸಿದ ಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಿ.