ಮಗ್ಗದ ಮನೆಗೆ ದೀಪ ತರೋ ಮುಂಚೆ

(ಮೊಳಕಾಲ್ಮೂರಿನಲ್ಲಿ ಹೊಸದಾಗಿ ರೇಷ್ಮೆ ಮಗ್ಗ ಹೂಡುತ್ತಿರುವ ತಮ್ಮನ ಮಗನಿಗೆ ದೊಡ್ಡಪ್ಪನ ಕಿವಿಮಾತು)

• ಅಂಗಡಿಯವನು ಎಷ್ಟು ವ್ಯಾಟ್ ಅಂತ ಕೇಳ್ತಾನೆ. ವ್ಯಾಟ್ ಕರೆಂಟ್ ಬಿಲ್ಲಿನ ಲೆಕ್ಕ ಕಣಪ್ಪ, ಬೆಳಕಿನ ಲೆಕ್ಕ ಲುಮೆನ್. 20 ವ್ಯಾಟಿನ ಎಲ್‌ಇಡಿ ಟ್ಯೂಬು ಸುಮಾರು 2000 ಲುಮೆನ್ ಕೊಡುತ್ತೆ. ಹಳೇ 60 ವ್ಯಾಟ್ ಬಲ್ಬು 700ರ ಆಸುಪಾಸಲ್ಲೇ ಸುಸ್ತಾಗ್ತಿತ್ತು.

• ಬಣ್ಣಕ್ಕೆ ಕೆಲ್ವಿನ್ ನೋಡು. 2700 ಅಂದ್ರೆ ಹಳದಿ, 6500 ಅಂದ್ರೆ ನೀಲಿ ಹೊಡೆಯೋ ಬಿಳಿ. ಹಳದಿ ಬೆಳಕಲ್ಲಿ ಜರಿ ಮಿನುಗುತ್ತೆ, ಸೀರೆ ಮಾರೋರಿಗೆ ಅದೇ ಬೇಕು. ನೇಯೋನಿಗೆ ಬೇಡ, ಕಡುನೀಲಿ ಎಳೆ ಕಪ್ಪಾಗಿ ಕಾಣುತ್ತೆ.

• ಸಿಆರ್‌ಐ ಅಂತ ಇನ್ನೊಂದು ನಂಬರ್ ಇರುತ್ತೆ. ದೀಪ ಬಣ್ಣಗಳನ್ನ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋದಕ್ಕೆ 100ಕ್ಕೆ ಕೊಡೋ ಅಂಕ. ಅಡುಗೆಮನೆಗೆ 80 ಸಾಕು, ಮಗ್ಗಕ್ಕೆ 90 ದಾಟಿದ್ದೇ ತಗೋ, ದುಡ್ಡು ಹೆಚ್ಚಾದರೂ ಸರಿ. ಆದರೂ ಬೇರೆ ಬೇರೆ ಸಲ ಬಣ್ಣ ಹಾಕಿದ ಎರಡು ಲಡಿ ದೀಪದ ಕೆಳಗೆ ಒಂದೇ ಥರ ಕಂಡು, ಬಿಸಿಲಲ್ಲಿ ಬೇರೆಯಾಗಬಹುದು. ಹೊಕ್ಕಿನ ನೂಲು ಹೊಂದಿಸೋ ಕೆಲಸ ಹಗಲಲ್ಲೇ, ಬಾಗಿಲ ಹತ್ತಿರ ಮಾಡು. ಅರ್ಧ ಸೀರೆ ನೇಯ್ದ ಮೇಲೆ ಪಟ್ಟೆ ಕಂಡರೆ ಬಿಚ್ಚೋರು ಯಾರು?

• ದೀಪ ನೆತ್ತಿ ಮೇಲೇ ಕಟ್ಟಬೇಡ, ಪಕ್ಕಕ್ಕಿರಲಿ. ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ಬಳೆಗಾರ ಗುಂಡಿನ ಮೇಲಿನ ಅಶೋಕನ ಬರಹ ನೋಡಿದ್ದೀಯಲ್ಲ? 1892ರಲ್ಲಿ ಶಾಸನತಜ್ಞ ರೈಸ್ ಸಾಹೇಬರು ಪತ್ತೆಹಚ್ಚಿದ್ದು. ಎಷ್ಟು ಸವೆದಿದೆ ಅಂದ್ರೆ, ಮೇಲಿಂದ ಬೆಳಕು ಬಿದ್ದರೆ ಬರೀ ಬಂಡೆ. ಓರೆಯಾಗಿ ಬಿದ್ದರೆ ಗೀರಿಗೆ ನೆರಳು ಹುಟ್ಟಿ ಅಕ್ಷರ ಏಳುತ್ತೆ. ಹಾಸಿನಲ್ಲಿ ಹರಿದ ಎಳೆ, ಗಂಟು ಸಿಗೋದೂ ಹಾಗೇ.

• ಹಳೇ ಟ್ಯೂಬ್‌ಲೈಟು ಉರೀತಿದೆ ಅಂತ ಇಟ್ಕೋಬೇಡ. ಒಳಗಿನ ಪಾದರಸದ ಆವಿ ಹುಟ್ಟಿಸೋದು ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಗಾಜಿಗೆ ಬಳಿದ ಬಿಳಿ ಪುಡಿ ಅದನ್ನ ಬೆಳಕು ಮಾಡುತ್ತೆ. ವರ್ಷ ಕಳೆದಂತೆ ಪುಡಿ ಸೋಲುತ್ತೆ, ಬೆಳಕು ಕುಗ್ಗುತ್ತೆ. ಒಡೆದರೆ ಕಿಟಕಿ ತೆಗೆದು ಸ್ವಲ್ಪ ಹೊತ್ತು ಹೊರಗಿರು, ಬರಿಗೈಲಿ ಮುಟ್ಟಬೇಡ.

• ಆ ಪುಡಿಯನ್ನೇ ಬದಲಿಸಿ, ನೇರಳಾತೀತ ಕಿರಣ ಹೊರಗೆ ಬರೋ ಹಾಗೆ ಮಾಡಿದ ಟ್ಯೂಬುಗಳ ನಡುವೆ ಮಲಗಿ ಮೈ ಕಂದು ಮಾಡ್ಕೋತಾರಂತೆ ವಿದೇಶದಲ್ಲಿ. ನಾವು ಚಳ್ಳಕೆರೆ ಬಿಸಿಲಿಗೆ ಟವೆಲ್ ಸುತ್ಕೋತೀವಿ, ಅವರು ದುಡ್ಡು ಕೊಡ್ತಾರೆ! ಆ ಟ್ಯೂಬಿನ ನೀಲಿ ಬೆಳಕು ನೋಡಿ ಅದರ ನೇರಳಾತೀತ ಕಿರಣದ ಜೋರು ತಿಳಿಯೋಕಾಗಲ್ಲ. ಅಂಥ ಯಂತ್ರ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2009ರಲ್ಲೇ ಹೇಳಿದೆ.

• ರೇಷ್ಮೆಗೂ ಆ ಕಿರಣ ಆಗಿಬರಲ್ಲ. ನೇಯ್ದ ಸೀರೆ ಕಿಟಕಿ ಬಿಸಿಲಿಗೆ ಬಿಡಬೇಡ.

• ಎಲ್ಲ ಮಗ್ಗಕ್ಕೂ ಒಂದೇ ಕಂಪನಿ, ಒಂದೇ ಕೆಲ್ವಿನ್ ತಗೋ. ಬಿಲ್ ಇಸ್ಕೋ, ವಾರಂಟಿ ಬಾಯಿಮಾತಲ್ಲಿ ನಡೆಯಲ್ಲ.