ಅಲ್ಪ ಬಂಡವಾಳದಲ್ಲಿ ಬೆಳೆಗಾರರ ಅಂತರ್ಜಾಲ ಪತ್ರಿಕೆ: ಒಂದು ಅಭ್ಯಾಸ ಪಾಠ



ನಮ್ಮ ಸದಸ್ಯರ ಮಕ್ಕಳಲ್ಲಿ ಅನೇಕರು ಈಗ ಬೆಂಗಳೂರಿನ ಹೊಸೂರು ರಸ್ತೆಯ ಸಿಂಗಸಂದ್ರ, ಕೂಡ್ಲು ಭಾಗಗಳಲ್ಲಿ ಮನೆ ಮಾಡಿಕೊಂಡು ಎಲೆಕ್ಟ್ರಾನಿಕ್ಸ್ ಸಿಟಿಯ ಕಂಪೆನಿಗಳಲ್ಲಿ ಉದ್ಯೋಗದಲ್ಲಿದ್ದಾರೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಜಮೀನಿನಲ್ಲಿ ಆ ಕೈಗಾರಿಕಾ ನಗರಕ್ಕೆ ಅಡಿಪಾಯ ಹಾಕಿದಾಗ, ಮಲೆನಾಡಿನ ತೋಟದ ಮಕ್ಕಳು ಅಲ್ಲಿಗೆ ಹೋಗಿ ನೆಲೆಸುವರೆಂದು ಯಾರೂ ಎಣಿಸಿರಲಾರರು. ಹಬ್ಬಕ್ಕೋ ಕೊಯ್ಲಿಗೋ ಊರಿಗೆ ಬಂದಾಗಲೆಲ್ಲ ಈ ಯುವಕ ಯುವತಿಯರು ಒಂದು ಮಾತನ್ನು ಎತ್ತುತ್ತಿದ್ದಾರೆ. ಕಾಫಿ ಮತ್ತು ಅಡಿಕೆ ಬೆಳೆಗಾರರಿಗಾಗಿಯೇ ಅಂತರ್ಜಾಲದಲ್ಲಿ ಒಂದು ಕನ್ನಡ ಮಾಸಪತ್ರಿಕೆಯನ್ನು ಏಕೆ ಪ್ರಾರಂಭಿಸಬಾರದು, ಕಂಪ್ಯೂಟರಿನ ಕೆಲಸವನ್ನೆಲ್ಲ ತಾವೇ ಬಿಟ್ಟಿಯಾಗಿ ಮಾಡಿಕೊಡುವೆವು, ಖರ್ಚೇನೂ ಬಹಳ ಬಾರದು ಎಂದು.

ಈ ಮಾತಿನಲ್ಲಿ ಹುರುಳಿದೆ. ಆದರೆ ಖರ್ಚು ಬಹಳ ಬಾರದು ಎಂಬುದು ಅರ್ಧ ಮಾತ್ರ ನಿಜ. ಯಾವ ಖರ್ಚು ಕಡಿಮೆ, ಯಾವುದು ಕಡಿಮೆಯಲ್ಲ ಎಂಬುದನ್ನು ಬಿಡಿಸಿ ನೋಡುವುದೇ ಈ ಪಾಠದ ಉದ್ದೇಶ.

ಇಂಥದೊಂದು ಪತ್ರಿಕೆ ಬೇಕೇ ಎಂಬ ಪ್ರಶ್ನೆ ಮೊದಲು ಬರುತ್ತದೆ. ದಿನಪತ್ರಿಕೆಗಳಲ್ಲಿ ಬೇಕಾದಷ್ಟು ಸುದ್ದಿ ಇದೆಯಲ್ಲ ಎನ್ನುವವರು ಧಾರಣೆಯ ಪಟ್ಟಿಯನ್ನೇ ನೋಡಲಿ. 'ಅಡಿಕೆ ಧಾರಣೆ ಏರಿತು' ಎಂಬ ತಲೆಬರಹದಿಂದ ಬೆಳೆಗಾರನಿಗೆ ಏನು ತಿಳಿದಂತಾಯಿತು? ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ನಾಲ್ಕು ಬಗೆ, ಲೆಕ್ಕ ಕ್ವಿಂಟಾಲಿಗೆ. ಘಟ್ಟದ ಕೆಳಗೆ ಚಾಲಿ ಅಡಿಕೆಯಲ್ಲಿ ಹೊಸತು, ಹಳತು ಎಂದು ಬೇರೆ ಬೇರೆ, ಲೆಕ್ಕ ಕಿಲೋಗೆ. ಕಾಫಿಯದು ಮತ್ತೊಂದು ಬಗೆ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ ಎಲ್ಲಕ್ಕೂ 50 ಕಿಲೋ ಚೀಲದ ದರ. ಅದರಲ್ಲೂ ಚೆರಿಗೆ ಔಟ್‌ಟರ್ನ್ ಎಷ್ಟು ಬರುತ್ತದೆಂಬುದರ ಮೇಲೆ ಕೈಗೆ ಸಿಗುವ ಹಣ. ಔಟ್‌ಟರ್ನ್ ತೆಗೆಯುವ ರೀತಿಯನ್ನು ತಾನೇ ಅರಿಯದ ಸಣ್ಣ ಬೆಳೆಗಾರನು ವ್ಯಾಪಾರಿ ಹೇಳಿದ ಅಂಕಿಗೆ ತಲೆಯಾಡಿಸಿ ಬರುತ್ತಾನೆ. ಸಾವಿರಾರು ಜನ ಓದುಗರಿಗಾಗಿ ಬರೆಯುವ ದಿನಪತ್ರಿಕೆ ಇದನ್ನು ವಿವರಿಸುತ್ತ ಕೂರಲಾರದು. ಕೆಲವೇ ನೂರು ಜನರಿಗಾಗಿ ಬರೆಯುವ ಪತ್ರಿಕೆ ವಿವರಿಸದೆ ಇರಲಾರದು.

ಎರಡನೆಯ ಕಾರಣ ಇದಕ್ಕಿಂತಲೂ ಗಂಭೀರವಾದುದು. 2022ರ ಸುಮಾರಿಗೆ ಕಳಸ, ಶೃಂಗೇರಿ, ಕೊಪ್ಪ ಮೊದಲಾದೆಡೆ ಅಡಿಕೆಯ ಎಲೆಚುಕ್ಕಿ ರೋಗ ಉಲ್ಬಣಿಸಿದಾಗ ಮೊಬೈಲಿನಲ್ಲಿ ದಿನಕ್ಕೊಂದು ಔಷಧಿಯ ಸುದ್ದಿ ಹರಿದಾಡಿತು. ಬರೆದವರಾರು, ಯಾವ ತೋಟದಲ್ಲಿ ಪರೀಕ್ಷಿಸಿದ್ದು, ಎಕರೆಗೆ ಎಷ್ಟು, ಯಾವುದಕ್ಕೂ ಉತ್ತರವಿಲ್ಲ. ಎರಡು ಎಕರೆ ತೋಟದವನು ಸಾಲ ಮಾಡಿ ಸಿಂಪಡಿಸಿದ ಮೇಲೆ ಗುಣ ಕಾಣದಿದ್ದರೆ ಕೇಳುವುದು ಯಾರನ್ನು? ಹೆಸರು ಹಾಕಿ ಬರೆಯುವ, ತಪ್ಪಿದರೆ ತಿದ್ದುವ ಒಂದು ಸ್ಥಳ ಬೆಳೆಗಾರನಿಗೆ ಬೇಕಾಗಿದೆ.

ಪುತ್ತೂರಿನ ಉದಾಹರಣೆ

ಹೀಗೆ ಒಂದು ಬೆಳೆಯನ್ನೇ ನೆಚ್ಚಿ, ದೊಡ್ಡ ಬಂಡವಾಳವಿಲ್ಲದೆ ಪತ್ರಿಕೆ ನಡೆಸಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡದ ಪುತ್ತೂರಿನಿಂದ 1988ರಲ್ಲಿ ಅಡಿಕೆ ಬೆಳೆಗಾರರ ಸಂಘಟನೆಯ ಆಶ್ರಯದಲ್ಲಿ ಹೊರಟ 'ಅಡಿಕೆ ಪತ್ರಿಕೆ' ಮೂರು ದಶಕಗಳಿಗೂ ಮಿಕ್ಕಿ ನಡೆದು ಬಂದಿದೆ. ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದ ಕೃಷಿಕರಾದ ಶ್ರೀಪಡ್ರೆಯವರು ಅದರ ಸಂಪಾದಕೀಯ ಹೊಣೆ ಹೊತ್ತವರು. ಅದು ಅಚ್ಚಿನ ಪತ್ರಿಕೆ, ನಾವು ಹೇಳುತ್ತಿರುವುದು ಅಂತರ್ಜಾಲದ್ದು. ಆದರೂ ಅಲ್ಲಿಂದ ಕಲಿಯಬೇಕಾದುದು ಅಚ್ಚಿನ ವಿಷಯವನ್ನಲ್ಲ.

ಆ ಪತ್ರಿಕೆ ಹುಟ್ಟಿದಾಗ ಎದುರಾಗಿದ್ದ ಮುಖ್ಯ ತೊಡಕು ಯಾವ ಸಣ್ಣ ಪತ್ರಿಕೆಗೂ ಎದುರಾಗುವಂಥದೇ. ಕೃಷಿ ಗೊತ್ತಿದ್ದವರಿಗೆ ಬರವಣಿಗೆ ಅಭ್ಯಾಸವಿಲ್ಲ, ಬರೆಯುವವರಿಗೆ ಕೃಷಿ ಗೊತ್ತಿಲ್ಲ. ಸಂಬಳ ಕೊಟ್ಟು ವರದಿಗಾರರನ್ನು ಇಟ್ಟುಕೊಳ್ಳಲು ಹಣವಿಲ್ಲ. ಅವರು ಹಿಡಿದ ದಾರಿ ಎಂದರೆ ಬೆಳೆಗಾರನಿಗೇ ಬರೆಯಲು ಕಲಿಸುವುದು. 'ಕೃಷಿಕರ ಕೈಗೆ ಲೇಖನಿ' ಎಂಬ ಹೆಸರಿನ ತರಬೇತಿ ಶಿಬಿರಗಳು ಹುಟ್ಟಿದ್ದು ಹೀಗೆ. ತೋಟದಲ್ಲಿ ಮಾಡಿ ನೋಡಿದವನೇ ಬರೆದಾಗ ಆ ಬರಹಕ್ಕೆ ಬೇರೆಯೇ ತೂಕ ಬರುತ್ತದೆ. ಅಲ್ಲದೆ ಸಂಪರ್ಕ ವಿಳಾಸವನ್ನೂ ಕೊಟ್ಟಾಗ, ಸಂಶಯವಿದ್ದವನು ನೇರವಾಗಿ ವಿಚಾರಿಸಬಹುದು. ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿಯಾದ ಪರಿಶೀಲನಾ ವ್ಯವಸ್ಥೆ ನಮಗೆ ಬೇರೆ ಕಾಣದು.

ಅಡಿಕೆ ಎಂದು ಹೆಸರಿಟ್ಟುಕೊಂಡರೂ ಆ ಪತ್ರಿಕೆ ಮಳೆನೀರು ಇಂಗಿಸುವಿಕೆ, ಹಲಸಿನ ಮೌಲ್ಯವರ್ಧನೆ ಎಂದು ಓದುಗರ ಅಂಗಳದ ಉಳಿದ ವಿಷಯಗಳಿಗೂ ಕೈಚಾಚಿತು. 2021ರಲ್ಲಿ ಬಾಳೆಗೆ ಬೆಲೆಯಿಲ್ಲದಾಗ ಬಾಳೆಕಾಯಿ ಹುಡಿ, ಅಂದರೆ 'ಬಾಕಾಹು', ಮಾಡುವ ಚಳುವಳಿ ಮೊಬೈಲಿನ ಗುಂಪುಗಳ ಮೂಲಕ ಮನೆಮನೆಗೆ ತಲುಪಿದುದರ ಹಿಂದೆಯೂ ಶ್ರೀಪಡ್ರೆಯವರ ಪ್ರೇರಣೆ ಇತ್ತು. ಅಚ್ಚಿನಲ್ಲಿ ಗಳಿಸಿದ ವಿಶ್ವಾಸ ಮೊಬೈಲಿನಲ್ಲಿಯೂ ಸಲ್ಲುತ್ತದೆ ಎಂಬುದನ್ನು ನಾವು ಇದರಿಂದ ತಿಳಿಯುತ್ತೇವೆ. ವಿಶ್ವಾಸವಿಲ್ಲದೆ ಮೊಬೈಲಿನಲ್ಲಿ ಪ್ರಾರಂಭಿಸಿದರೆ ಅದು ಹತ್ತರಲ್ಲಿ ಹನ್ನೊಂದನೆಯ ಗುಂಪಾದೀತು, ಅಷ್ಟೆ.

ಹಣದ ಲೆಕ್ಕ

ಅಂತರ್ಜಾಲ ಪತ್ರಿಕೆಗೆ ಕಾಗದವಿಲ್ಲ, ಅಚ್ಚಿನ ಕೂಲಿಯಿಲ್ಲ, ಅಂಚೆಯ ವೆಚ್ಚವಿಲ್ಲ. ವಿಳಾಸದ ಹೆಸರಿಗೆ, ಅಂದರೆ ಡೊಮೇನಿಗೆ, ವರ್ಷಕ್ಕೆ ಸುಮಾರು ಒಂದು ಸಾವಿರ ರೂಪಾಯಿ. ಪುಟಗಳನ್ನು ಇರಿಸುವ ಜಾಗದ ಬಾಡಿಗೆ ವರ್ಷಕ್ಕೆ ಕೆಲವು ಸಾವಿರ. ಪುಟ ಜೋಡಿಸುವ ತಂತ್ರಾಂಶ ವರ್ಡ್‌ಪ್ರೆಸ್ ಉಚಿತವಾಗಿಯೇ ದೊರೆಯುತ್ತದೆ. ಇಲ್ಲೊಂದು ಎಚ್ಚರಿಕೆ: ಜಾಗದ ಬಾಡಿಗೆಯಲ್ಲಿ ಮೊದಲ ವರ್ಷ ಭಾರಿ ರಿಯಾಯಿತಿ ತೋರಿಸಿ, ನವೀಕರಣದ ವೇಳೆಗೆ ಎರಡು ಮೂರು ಪಟ್ಟು ಕೇಳುವ ಪದ್ಧತಿ ಸಾಮಾನ್ಯ. ಅಂದಾಜು ಪತ್ರಿಕೆಯಲ್ಲಿ ನವೀಕರಣದ ದರವನ್ನೇ ಬರೆದುಕೊಳ್ಳಬೇಕು.

ಸಿಂಗಸಂದ್ರದಲ್ಲಿ ಕೊಠಡಿ ಹಿಡಿದು ಕಛೇರಿ ತೆರೆಯುವ ಆಲೋಚನೆ ಕೆಲವರಿಗಿದೆ. ನಮಗೆ ಇದು ಸಮ್ಮತವಿಲ್ಲ. 2025ರ ಆಗಸ್ಟಿನಿಂದ ಅಲ್ಲಿಗೆ ಮೆಟ್ರೋ ರೈಲೂ ಬಂದಿದೆ. ಬಾಡಿಗೆ ಇಳಿಯುವ ಊರಂತೂ ಅದಲ್ಲ. ಬರೆಯುವವನು ಬಾಳೆಹೊನ್ನೂರಿನಲ್ಲಿ, ತಿದ್ದುವವನು ಸಕಲೇಶಪುರದಲ್ಲಿ, ಪುಟಕ್ಕೆ ಏರಿಸುವವನು ಸಿಂಗಸಂದ್ರದ ತನ್ನ ಮನೆಯಲ್ಲಿ ಕುಳಿತೇ ಕೆಲಸ ಸಾಗುವುದಾದರೆ ಕೊಠಡಿ ಏಕೆ?

ನಿಜವಾದ ಖರ್ಚು ಇರುವುದು ಬರಹದಲ್ಲಿ, ಬರಹವನ್ನು ಪರಿಶೀಲಿಸುವುದರಲ್ಲಿ. ಉದಾಹರಣೆಗಾಗಿ ಒಂದು ಅಂದಾಜನ್ನು ಕೊಡುತ್ತೇವೆ. 300 ಚಂದಾದಾರರು ವರ್ಷಕ್ಕೆ ರೂ. 300ರಂತೆ ಮುಂಗಡ ಕೊಟ್ಟರೆ ರೂ. 90,000 ಆಯಿತು. ತಿಂಗಳಿಗೆ ನಾಲ್ಕು ಲೇಖನ, ಒಂದಕ್ಕೆ ರೂ. 750 ಗೌರವಧನವೆಂದರೆ ವರ್ಷಕ್ಕೆ ರೂ. 36,000. ಸಂಪಾದಕನಿಗೆ ತಿಂಗಳಿಗೆ ರೂ. 3,000ದಂತೆ ಮತ್ತೊಂದು ರೂ. 36,000. ಅಂತರ್ಜಾಲದ ವೆಚ್ಚಕ್ಕೆ ರೂ. 8,000 ತೆಗೆದಿಟ್ಟರೆ, ತೋಟಗಳಿಗೆ ಹೋಗಿ ಬರುವ ಮತ್ತು ದೂರವಾಣಿಯ ಖರ್ಚಿಗೆ ಉಳಿಯುವುದು ರೂ. 10,000. ಅಲ್ಲಿಗೆ ಸರಿಸಮ. ಯಂತ್ರದ ಪಾಲು ಹತ್ತರಲ್ಲಿ ಒಂದಕ್ಕೂ ಕಡಿಮೆ ಎಂಬುದನ್ನು ಗಮನಿಸಿರಿ. ಸಿಂಗಸಂದ್ರದ ನಮ್ಮ ಮಕ್ಕಳು ಬಿಟ್ಟಿಯಾಗಿ ಮಾಡಿಕೊಡುವೆವೆಂದದ್ದು ಈ ಸಣ್ಣ ಪಾಲನ್ನು.

ಚಂದಾದಾರರು 200 ಮಾತ್ರ ಆದರೆ? ಆಗ ಬರುವುದು ರೂ. 60,000. ಗೌರವಧನವನ್ನು ಕತ್ತರಿಸುವ ಬದಲು ಪತ್ರಿಕೆಯನ್ನು ಎರಡು ತಿಂಗಳಿಗೊಮ್ಮೆ ಮಾಡುವುದು ಮೇಲು. ಆರು ಸಂಚಿಕೆಗೆ ಲೇಖನಗಳಿಗೆ ರೂ. 18,000, ಸಂಪಾದಕನಿಗೆ ರೂ. 18,000, ಅಂತರ್ಜಾಲಕ್ಕೆ ರೂ. 8,000, ಓಡಾಟಕ್ಕೆ ರೂ. 8,000, ರೂ. 8,000 ಉಳಿತಾಯವೂ ಆಗುತ್ತದೆ. ತಿಂಗಳಿಗೊಮ್ಮೆ ಎಂದು ಘೋಷಿಸಿ ನಾಲ್ಕನೆಯ ತಿಂಗಳು ತಪ್ಪಿಸುವ ಪತ್ರಿಕೆಗಿಂತ ಎರಡು ತಿಂಗಳಿಗೊಮ್ಮೆ ತಪ್ಪದೆ ಬರುವ ಪತ್ರಿಕೆಗೆ ಮರುವರ್ಷದ ಚಂದಾ ಬರುತ್ತದೆ.

ಜಾಹೀರಾತಿನ ಹಣವನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲವೆಂಬುದನ್ನು ಸದಸ್ಯರು ನೋಡಿರಬಹುದು. ಬೇಕೆಂದೇ ಸೇರಿಸಿಲ್ಲ. ಕೃಷಿ ಪತ್ರಿಕೆಗೆ ತಾನಾಗಿ ಬರುವ ಜಾಹೀರಾತು ಗೊಬ್ಬರದ್ದು, ಕೀಟನಾಶಕದ್ದು. ಕಾಸರಗೋಡಿನ ಗೇರು ತೋಟಗಳಲ್ಲಿ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದುದರ ದುಷ್ಪರಿಣಾಮವನ್ನು ಬರೆದು ಹೊರಗೆಡಹಿದವರಲ್ಲಿ ಇದೇ ಶ್ರೀಪಡ್ರೆಯವರು ಒಬ್ಬರು. ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆದದ್ದು 2011ರಲ್ಲಿ. ಔಷಧಿ ಕಂಪೆನಿಯ ಹಣದಿಂದಲೇ ನಡೆಯುವ ಪತ್ರಿಕೆಗೆ ಅಂಥ ಬರಹವನ್ನು ಪ್ರಕಟಿಸುವ ಧೈರ್ಯ ಬಂದೀತೆ? ಜಾಹೀರಾತು ಬೇಡವೆಂದು ನಾವು ಹೇಳುತ್ತಿಲ್ಲ. ಅದು ಬಂದರೆ ಒಳಿತು, ಬಾರದಿದ್ದರೂ ಪತ್ರಿಕೆ ನಿಲ್ಲಬಾರದು, ಹಾಗಿರಬೇಕು ಲೆಕ್ಕ. ಯಾವ ಔಷಧಿಯ ಜಾಹೀರಾತು ಇದೆಯೋ ಆ ಔಷಧಿಯನ್ನು ಹೊಗಳುವ ಲೇಖನ ಅದೇ ಸಂಚಿಕೆಯಲ್ಲಿ ಬರಕೂಡದು. 'ಜಾಹೀರಾತು' ಎಂಬ ಪದ ಅದರ ನೆತ್ತಿಯ ಮೇಲೆ ಸ್ಪಷ್ಟವಾಗಿ ಇರಬೇಕು.

ಕೀಲಿಕೈ ಯಾರ ಬಳಿ?

ಸಣ್ಣ ಸಂಸ್ಥೆಗಳ ಅಂತರ್ಜಾಲ ಪುಟಗಳು ಕಣ್ಮರೆಯಾಗುವುದು ಹೆಚ್ಚಾಗಿ ಹಣದ ಕೊರತೆಯಿಂದಲ್ಲ. ಉತ್ಸಾಹಿ ತರುಣನೊಬ್ಬ ತನ್ನ ಹೆಸರಿನಲ್ಲಿ, ತನ್ನ ಮಿಂಚಂಚೆಯ ವಿಳಾಸ ಕೊಟ್ಟು ಡೊಮೇನ್ ಕೊಂಡಿರುತ್ತಾನೆ. ಎರಡು ವರ್ಷದ ಮೇಲೆ ಕೆಲಸ ಬದಲಾಗಿ ಪರದೇಶಕ್ಕೆ ಹೋಗುತ್ತಾನೆ. ನವೀಕರಣದ ಸೂಚನೆ ಯಾರೂ ನೋಡದ ಪೆಟ್ಟಿಗೆಗೆ ಬಂದು ಬೀಳುತ್ತದೆ, ಗಡುವು ಮೀರುತ್ತದೆ, ಹೆಸರು ಮತ್ತೊಬ್ಬರ ಪಾಲಾಗುತ್ತದೆ. ಹುಡುಗನದು ತಪ್ಪೆನ್ನುವಂತಿಲ್ಲ. ಆದುದರಿಂದ ಡೊಮೇನ್ ಸಂಘದ ಹೆಸರಿನಲ್ಲಿಯೇ ಇರತಕ್ಕದ್ದು. ಗುಪ್ತಪದಗಳನ್ನು ಲಕೋಟೆಯಲ್ಲಿ ಮುದ್ರೆ ಹಾಕಿ, ಸಂಘದ ತಿಜೋರಿಯಲ್ಲಿ ಠರಾವು ಪುಸ್ತಕದ ಜೊತೆಗೆ ಇಡತಕ್ಕದ್ದು. ನವೀಕರಣದ ದಿನಾಂಕವನ್ನು ಕಾರ್ಯದರ್ಶಿಯು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕತಕ್ಕದ್ದು. ತಿಂಗಳಿಗೊಮ್ಮೆ ಎಲ್ಲ ಪುಟಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಳ್ಳಬೇಕು. ಪ್ರತಿ ಸಂಚಿಕೆಯನ್ನು ಕಾಗದದ ಮೇಲೂ ಒಂದು ಪ್ರತಿ ತೆಗೆದು ಹೊಲಿದಿಡುವುದು ಹಳೆಯ ಕಾಲದವರ ಹಟವೆಂದು ಯುವಕರು ನಗಬಹುದು; ನಗಲಿ.

ತಾಂತ್ರಿಕವಾದ ಇನ್ನೆರಡು ಮಾತು. ನಮ್ಮಲ್ಲಿ ಹಲವರ ಹಳೆಯ ಬರಹಗಳು ಯೂನಿಕೋಡ್ ಅಲ್ಲದ ನುಡಿ, ಬರಹ ಅಕ್ಷರಗಳಲ್ಲಿವೆ. ಅವನ್ನು ಹಾಗೆಯೇ ಏರಿಸಿದರೆ ಮೊಬೈಲಿನಲ್ಲಿ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಯೂನಿಕೋಡಿಗೆ ಬದಲಾಯಿಸುವ ಉಚಿತ ಸಲಕರಣೆಗಳಿವೆ. ಬದಲಾಯಿಸಿದ ಮೇಲೆ ಒತ್ತಕ್ಷರಗಳನ್ನೂ ಅಂಕಿಗಳನ್ನೂ ಒಮ್ಮೆ ಕಣ್ಣಾರೆ ಓದಲೇಬೇಕು. ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದ ಗಾತ್ರದಲ್ಲಿಯೇ ಹಾಕಕೂಡದು. ಸಿಂಗಸಂದ್ರದಲ್ಲಿ ಕಣ್ಣು ಮಿಟುಕಿಸುವುದರೊಳಗೆ ತೆರೆಯುವ ಪುಟ, ಮಳೆಗಾಲದಲ್ಲಿ ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ನಮ್ಮ ಸದಸ್ಯನಿಗೆ ತೆರೆಯದೆ ಹೋದೀತು. ಒಂದು ಚಿತ್ರ 150 ಕಿಲೋಬೈಟ್ ಮೀರದಂತೆ ನೋಡಿಕೊಂಡರೆ ಸಾಕು.

ಕಾನೂನಿನ ವಿಷಯ: ಅಚ್ಚಿನ ಪತ್ರಿಕೆಗಳಿಗೆ 1867ರ ಕಾಯಿದೆಯ ಬದಲು 2023ರ ಹೊಸ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಅಂತರ್ಜಾಲದಲ್ಲಿ ಸುದ್ದಿ ಪ್ರಕಟಿಸುವವರಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಇವೆ; ದೂರು ಸ್ವೀಕರಿಸುವ ಅಧಿಕಾರಿಯ ಹೆಸರು, ವಿಳಾಸಗಳನ್ನು ಪುಟದಲ್ಲಿ ಕಾಣಿಸಬೇಕಾಗುತ್ತದೆ. ಸಂಘದ ಲೆಕ್ಕ ಪರಿಶೋಧಕರನ್ನೂ ವಕೀಲರನ್ನೂ ಒಮ್ಮೆ ಕೇಳಿಕೊಂಡೇ ಮುಂದುವರಿಯುವುದು ಸೂಕ್ತ. ಬೇರೆ ಪತ್ರಿಕೆಯ ಲೇಖನವನ್ನು ಅನುಮತಿಯಿಲ್ಲದೆ ನಕಲು ಮಾಡುವುದಂತೂ ಸಲ್ಲದು.

ಲೇಖನದ ಪರಿಶೀಲನೆ

ಪರಿಶೀಲಿಸಿದ ಲೇಖನವೆಂದರೆ ಹೇಗಿರಬೇಕೆಂಬುದಕ್ಕೆ ನಮಗೆಲ್ಲ ಪರಿಚಿತವಾದ ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳೋಣ. ಡಾ. ಲೆಸ್ಲಿ ಕೋಲ್ಮನ್ನರು ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಅಧ್ಯಯನ ಮಾಡಿ ಬರೆದ ಕಾಲದಿಂದ, ಅಂದರೆ 1910ರಿಂದ, ಇದು ನಮ್ಮ ತೋಟಗಳ ಮಾತು. ಆದರೂ ಶೇ. 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಬರೆದರೆ ಸಾಲದು. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಬೇಕು, ಕಬ್ಬಿಣದ ಪಾತ್ರೆ ಬೇಡ, ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ಕಲಕುತ್ತ ಸುರಿಯಬೇಕು, ಹೊಳೆಯುವ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಕಂಡರೆ ಮತ್ತಷ್ಟು ಸುಣ್ಣ ಬೇಕು, ಮಾಡಿದ ದಿನವೇ ಸಿಂಪಡಿಸಿ ಮುಗಿಸಬೇಕು. ಇಷ್ಟೂ ಬರೆದ ಮೇಲೆ, ಬರೆದವರ ತೋಟ ಯಾವುದು, ಎಷ್ಟು ವರ್ಷದ ಅನುಭವ ಎಂಬುದಿರಬೇಕು. ವಿಟ್ಲದ ಸಂಶೋಧನಾ ಕೇಂದ್ರದ ಶಿಫಾರಸಿನೊಡನೆ, ಕಾಫಿಯ ವಿಷಯವಾದರೆ 1925ರಲ್ಲಿ ಪ್ರಾರಂಭವಾದ ಬಾಳೆಹೊನ್ನೂರಿನ ಕೇಂದ್ರದ ಶಿಫಾರಸಿನೊಡನೆ, ಹೋಲಿಸಿ ನೋಡಿರಬೇಕು. ಎರಡಕ್ಕೂ ವ್ಯತ್ಯಾಸವಿದ್ದರೆ ಮುಚ್ಚಿಡದೆ ಹೇಳಬೇಕು.

ಒಂದು ಎಂಬಲ್ಲಿ ಹತ್ತು ಎಂದು ಅಚ್ಚಾದರೆ ಮರ ಹೋದೀತು. ಅಂತರ್ಜಾಲದಲ್ಲಿ ತಪ್ಪನ್ನು ಸದ್ದಿಲ್ಲದೆ ಅಳಿಸಿ ಸರಿಪಡಿಸುವುದು ಸುಲಭ. ಆ ಸುಲಭಕ್ಕೆ ಮನಸೋಲಬಾರದು. ಮೊದಲ ದಿನವೇ ಓದಿ ಬರೆದುಕೊಂಡವನಿಗೆ ಗೊತ್ತಾಗುವುದು ಹೇಗೆ? ತಿದ್ದಿದ ದಿನಾಂಕ, ಮೊದಲು ಏನಿತ್ತು, ಈಗ ಏನು ಎಂಬುದನ್ನು ಲೇಖನದ ಮೇಲ್ಭಾಗದಲ್ಲಿಯೇ ಬರೆದು, ಚಂದಾದಾರರೆಲ್ಲರಿಗೂ ಸಂದೇಶ ಕಳಿಸಬೇಕು.

ಪ್ರಾರಂಭದ ಕಾಲದ ಬಗ್ಗೆಯೂ ಒಂದು ಸೂಚನೆ. ಮೂರು ಸಂಚಿಕೆಗಳಿಗಾಗುವಷ್ಟು ಲೇಖನಗಳು, ಅಂದರೆ ಹನ್ನೆರಡು, ಪರಿಶೀಲನೆ ಮುಗಿಸಿ ಕೈಯಲ್ಲಿ ಸಿದ್ಧವಾಗುವ ತನಕ ಪತ್ರಿಕೆಯನ್ನು ಘೋಷಿಸಬಾರದು. ಚಂದಾ ಸಂಗ್ರಹವನ್ನು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಇಟ್ಟುಕೊಂಡರೆ ಕಾಫಿ ಕೊಯ್ಲು ಮುಗಿದು ಬೆಳೆಗಾರನ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಕುಳಿತು ಮಾತು ಕೇಳುವ ಪುರುಸೊತ್ತೂ ಇರುತ್ತದೆ. ಏಪ್ರಿಲ್ ಕೊನೆಗೆ ಮೊದಲ ಸಂಚಿಕೆ ಹೊರಟರೆ, ಮಳೆಗೆ ಮುಂಚಿನ ಮೊದಲ ಸಿಂಪರಣೆಗೆ ಮೈಲುತುತ್ತ ಕೊಳ್ಳಲು ಪೇಟೆಗೆ ಹೊರಡುವ ಮುನ್ನ ಸದಸ್ಯರು ಅದನ್ನು ಓದಿಕೊಂಡು ಹೋಗಬಹುದು.