ನಾದವನ್ನು ಕಾಪಿಟ್ಟ ಅರಸರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಮಕ್ಕಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಎಳನೀರನ್ನು ಕೆತ್ತಿದ ಗಳಿಗೆಯಲ್ಲಿಯೇ ಕುಡಿಯಬೇಕು. ಅದು ನಾಳೆಗೆ ಉಳಿಯದು. ಅದೇ ಕಾಯಿ ಬಲಿತು, ಅಟ್ಟವೇರಿ, ತಿಂಗಳುಗಟ್ಟಲೆ ಅಲ್ಲಿದ್ದು, ಒಳಗಿನ ನೀರು ಇಂಗಿ ಕೊಬ್ಬರಿಯಾದರೆ ದೂರದ ಊರುಗಳನ್ನು ಮುಟ್ಟುತ್ತದೆ. ಬಹುಕಾಲ ಕೆಡದೆ ಇರುತ್ತದೆ. ಸಂಗೀತಕ್ಕೂ ಇಂಥವೇ ಎರಡು ಅವಸ್ಥೆಗಳುಂಟು. ಸಭೆಯಲ್ಲಿ ನುಡಿಸಿದ ನಾದ ಆ ಕ್ಷಣದ್ದು. ಅದನ್ನು ಧ್ವನಿಮುದ್ರಿಕೆಯಲ್ಲಿ ಹಿಡಿದಿಟ್ಟರೆ, ನುಡಿಸಿದವರು ಮರೆಯಾದ ಮೇಲೂ ಅದು ಉಳಿಯುತ್ತದೆ. ಹೀಗೆ ನಾದವನ್ನು ಉಳಿಸುವ ಕಾರ್ಯಕ್ಕೆ ಒತ್ತಾಸೆಯಾಗಿ ನಿಂತ ಪಿಯಾನೋ ವಾದಕರೊಬ್ಬರು ನಮ್ಮ ನಾಡಿನಲ್ಲಿದ್ದರು. ಅವರೇ ಈ ಸೀಮೆಯೂ ಸೇರಿದ್ದ ಮೈಸೂರು ಸಂಸ್ಥಾನದ ಕೊನೆಯ ಅರಸರಾದ ಜಯಚಾಮರಾಜ ಒಡೆಯರು.

ಒಡೆಯರು ಜನಿಸಿದ್ದು 1919ರ ಜುಲೈ 18ರಂದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವಿ ಪಡೆದರು. ಎಳವೆಯಿಂದಲೇ ಅವರ ಮನಸ್ಸನ್ನು ಸೆಳೆದದ್ದು ಪಿಯಾನೋ. ಹಾರ್ಮೋನಿಯಂನಂತೆ ಬಿಳಿ-ಕಪ್ಪು ಮನೆಗಳುಳ್ಳ, ಆದರೆ ತಂತಿಗಳಿಂದ ನಾದ ಹೊಮ್ಮಿಸುವ ಪಾಶ್ಚಾತ್ಯ ವಾದ್ಯವದು. ವೇದಿಕೆಯೇರುವ ಪಿಯಾನೋ ವಾದಕನಾಗಬೇಕೆಂಬುದು ತರುಣನ ಹಂಬಲವಾಗಿತ್ತು. ಆದರೆ 1940ರ ಮಾರ್ಚ್ ತಿಂಗಳಿನಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಆಗಸ್ಟ್ ತಿಂಗಳಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕಣ್ಮುಚ್ಚಿದರು. ಇಪ್ಪತ್ತೊಂದರ ಹರೆಯದಲ್ಲಿಯೇ ರಾಜ್ಯದ ಹೊಣೆ ಹೆಗಲೇರಿತು. ವಾದಕನ ವೃತ್ತಿ ಕೈತಪ್ಪಿತು. ಸಂಗೀತದ ಒಲವು ಮಾತ್ರ ತಗ್ಗಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಸದಸ್ಯತ್ವವೂ ಅವರಿಗೆ ದೊರೆತವು.

ಆ ಕಾಲದ ಗ್ರಾಮಾಫೋನ್ ತಟ್ಟೆಗಳು ಅರಗಿನವು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಿನಲ್ಲಿ ನಾಲ್ಕೈದು ನಿಮಿಷದ ಸಂಗೀತವಷ್ಟೇ ಹಿಡಿಯುತ್ತಿತ್ತು. ದೀರ್ಘವಾದ ಒಂದು ಕೃತಿಗೆ ಹಲವು ತಟ್ಟೆಗಳು ಬೇಕು. ವಾದ್ಯಗಾರರ ದೊಡ್ಡ ಮೇಳ ಬೇಕು. ಕೈತುಂಬ ಹಣ ಬೇಕು. ಹೆಸರು ಮಾಸಿದ ಸಂಗೀತಗಾರನಿಗಾಗಿ ಅಷ್ಟು ವೆಚ್ಚ ಮಾಡಲು ಯಾವ ವ್ಯಾಪಾರಿ ಮುಂದೆ ಬಂದಾನು?

ಲಂಡನ್ನಿನಲ್ಲಿ ಅಂಥ ಒಬ್ಬ ಸಂಗೀತಗಾರರಿದ್ದರು. ರಷ್ಯದಲ್ಲಿ ಹುಟ್ಟಿದ ನಿಕೊಲಾಯ್ ಮೆಟ್ನರ್ ತಾಯ್ನಾಡನ್ನು ತೊರೆದು, ಹಲವೆಡೆ ಅಲೆದು, ಅಲ್ಲಿ ನೆಲೆಸಿದ್ದರು. ಮುಪ್ಪು, ಹೃದ್ರೋಗ, ಮರೆವಿಗೆ ಸಂದ ಹೆಸರು ಇಷ್ಟೇ ಅವರ ಪಾಲಿಗೆ ಉಳಿದಿದ್ದವು. ಆಗ ಮೈಸೂರಿನಿಂದ ನೆರವು ಬಂದಿತು. ಒಡೆಯರು ಮೆಟ್ನರ್ ಸಂಘವನ್ನು ಸ್ಥಾಪಿಸಿ ಧ್ವನಿಮುದ್ರಣದ ವೆಚ್ಚವನ್ನು ವಹಿಸಿಕೊಂಡರು. ಮೆಟ್ನರ್ ತಮ್ಮ ಮೂರು ಪಿಯಾನೋ ಕಾನ್ಸರ್ಟೋಗಳನ್ನು ತಾವೇ ನುಡಿಸಿದರು. ಕೃತಜ್ಞತೆಯಿಂದ ಮೂರನೆಯದನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ನಿಧನರಾದರು. ಅವರ ಬೆರಳುಗಳ ನಾದ ಮಾತ್ರ ಆ ತಟ್ಟೆಗಳಲ್ಲಿ ಉಳಿಯಿತು.

ಒಡೆಯರ ಔದಾರ್ಯ ಒಬ್ಬರಿಗೇ ಮೀಸಲಾಗಿರಲಿಲ್ಲ. ಧ್ವನಿಮುದ್ರಣದಲ್ಲಿ ನಿಷ್ಣಾತರಾದ ವಾಲ್ಟರ್ ಲೆಗ್ 1945ರಲ್ಲಿ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯ ವಾದ್ಯವೃಂದವನ್ನು ಕಟ್ಟಿದ್ದರು. ಅವರು ಮೈಸೂರಿಗೆ ಬಂದಾಗ, ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡ್ ಕೊಡಲು ಒಡೆಯರು ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯ ಕಚೇರಿ ಸಂಘದ ಮೊದಲ ಅಧ್ಯಕ್ಷರೂ ಆದರು.

ಜರ್ಮನಿಯ ಹಿರಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಂಡರು. ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟವು. ಆ ಕಚೇರಿಯ ವೆಚ್ಚಕ್ಕೆ ಹೊಣೆ ನಿಂತವರು ಒಡೆಯರು. ಅವರು ಅಲ್ಲಿಗೆ ಹೋಗಲಾಗಲಿಲ್ಲ. ಅಂದಿನ ಗಾಯನವನ್ನು ಅವರಿಗಾಗಿ ಮುದ್ರಿಸಿ ಮೈಸೂರಿಗೆ ಕಳುಹಿಸಲಾಯಿತು. ಅವರ ಸಂಗ್ರಹದಲ್ಲಿ ಆಗಲೇ ಸುಮಾರು 20,000 ಧ್ವನಿಮುದ್ರಿಕೆಗಳಿದ್ದವೆಂದು ಅಂದಾಜು.

ಅದೇ ಕಾಲದಲ್ಲಿ ಫ್ರಾನ್ಸಿನಲ್ಲಿ ಎಡ್ಡಿ ಬಾರ್ಕ್ಲೇ ಎಂಬ ಜಾಝ್ ಪಿಯಾನೋ ವಾದಕರೂ ವಾದ್ಯದಿಂದ ಧ್ವನಿಮುದ್ರಿಕೆಗಳ ಕಡೆಗೆ ತಿರುಗಿ, ದೊಡ್ಡ ಉದ್ಯಮವನ್ನೇ ಕಟ್ಟಿದರು. ಅವರಿಗೆ ಅದು ವ್ಯಾಪಾರ. ಒಡೆಯರಿಗೆ ಅದು ಸೇವೆ. ಇಬ್ಬರೂ ಪರರ ಸಂಗೀತವನ್ನು ಲೋಕಕ್ಕೆ ಮುಟ್ಟಿಸಿದರು.

ಮುಂದೆ ಒಡೆಯರು ಮೈಸೂರು ವಾಸುದೇವಾಚಾರ್ಯರಂಥ ವಿದ್ವಾಂಸರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತದ ಅಭ್ಯಾಸಕ್ಕೆ ತೊಡಗಿ, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. 1974ರ ಸೆಪ್ಟೆಂಬರ್ 23ರಂದು ಅವರು ದಿವಂಗತರಾದರು.

ತಾನು ಬಯಸಿದ ದಾರಿ ಮುಚ್ಚಿದಾಗ ಮನುಷ್ಯ ಕಹಿಯಾಗುವುದುಂಟು. ಒಡೆಯರು ಹಾಗಾಗಲಿಲ್ಲ. ತಾವು ಏರಲಾಗದ ವೇದಿಕೆಗೆ ಇತರರನ್ನು ಏರಿಸಿದರು. ತೆಂಗಿನ ಸಸಿ ನೆಡುವ ಅಜ್ಜ ಅದರ ಕಾಯಿ ತನಗೇ ಬೇಕೆಂದು ಹಂಬಲಿಸುವುದಿಲ್ಲ; ಮುಂದಿನವರಿಗಾಗಿ ನೀರೆರೆಯುತ್ತಾನೆ. ಒಡೆಯರು ಎರೆದ ನೀರೂ ಅಂಥದೇ.

ಅಭ್ಯಾಸ

1. ಸಂಗೀತದ ಎರಡು ಅವಸ್ಥೆಗಳನ್ನು ಲೇಖಕರು ಯಾವ ಹೋಲಿಕೆಯಿಂದ ವಿವರಿಸಿದ್ದಾರೆ?
2. ಜಯಚಾಮರಾಜ ಒಡೆಯರು ಪಿಯಾನೋ ವಾದಕರ ವೃತ್ತಿಯನ್ನು ಹಿಡಿಯಲಾಗದೆ ಹೋದುದೇಕೆ?
3. ಮೆಟ್ನರ್ ಅವರಿಗೆ ಒಡೆಯರಿಂದ ದೊರೆತ ನೆರವೇನು?
4. ‘ಅವರಿಗೆ ಅದು ವ್ಯಾಪಾರ, ಒಡೆಯರಿಗೆ ಅದು ಸೇವೆ.’ ಈ ಮಾತನ್ನು ಸಂದರ್ಭಸಹಿತ ವಿವರಿಸಿ.